ಗಣಿ ಮುಚ್ಚಿದ್ದು 28ಕ್ಕೋ 1ಕ್ಕೋ? ಡೇಟಾಬೇಸ್‌ನಲ್ಲಿ ‘ಇಂದ–ವರೆಗೆ’ ಲೆಕ್ಕ

ಬಂಗಾರಪೇಟೆಯಲ್ಲಿ ಮಾರಿಕುಪ್ಪಂ ರೈಲು ಹತ್ತಿದರೆ ದಾರಿಯಲ್ಲಿ ಕೋರಮಂಡಲ, ಊರಿಗಾಂ, ಚಾಂಪಿಯನ್ ಸ್ಟೇಷನ್‌ಗಳು ಬರ್ತವೆ. ಕೆಜಿಎಫ್‌ನ ಆ ಕಡೆಯ ನಮ್ಮ ಲೈನಿನ ಹಳೇ ಗಣಿ ಕಾರ್ಮಿಕರ ಸರ್ವೀಸ್ ವಿವರವನ್ನು ನಾನು ಡೇಟಾಬೇಸ್‌ಗೆ ಹಾಕಿಕೊಟ್ಟಿದ್ದೆ. ಇವತ್ತು ಹೇಳೋದು ಅದರಲ್ಲಿ ನಾನು ಮಾಡಿದ ತಪ್ಪಿನ ಬಗ್ಗೆ.

ಒಬ್ಬೊಬ್ಬರದ್ದೂ ನಾಲ್ಕೈದು ಸಾಲು. ಇಂಥ ತಾರೀಖಿನಿಂದ ಭೂಮಿಯೊಳಗೆ, ಆಮೇಲೆ ಮಿಲ್, ಆಮೇಲೆ ವರ್ಕ್‌ಶಾಪ್. ಎಲ್ಲರ ಹಾಗೆ ನಾನೂ ‘ಶುರು’, ‘ಕೊನೆ’ ಅಂತ ಎರಡು ಕಾಲಮ್ ಇಟ್ಟೆ. ಒಟ್ಟು ದಿನಕ್ಕೆ ಕೊನೆಯಿಂದ ಶುರುವನ್ನು ಕಳೆದೆ. ಪಕ್ಕದ ಮನೆ ಹಿರಿಯರು ಚೀಟಿಯನ್ನು ತಮ್ಮ ನೋಟ್‌ಬುಕ್ ಜೊತೆ ತಾಳೆ ಹಾಕಿ, “ಐದು ದಿನ ಎಲ್ಲಿ ಹೋಯ್ತಪ್ಪ?” ಅಂದರು. ಐದು ಸಾಲು, ಐದು ದಿನ! 1ರಿಂದ 31ರವರೆಗೆ ದುಡಿದರೆ 31 ದಿನ, ಕಳೆದರೆ ಬರೋದು 30. ಮೂರು ಕಿಲೋಮೀಟರ್‌ಗೂ ಆಳಕ್ಕೆ ಇಳಿದಿದ್ದ ಚಾಂಪಿಯನ್ ರೀಫ್‌ನಲ್ಲಿ ದುಡಿದವರಿಗೆ ಒಂದು ದಿನ ಸಣ್ಣದಲ್ಲ.

ಇನ್ನೊಬ್ಬರದ್ದು ಉಲ್ಟಾ. ಒಂದು ಸಾಲು ಮುಗಿದ ದಿನವೇ ಮುಂದಿನದು ಶುರು, ಆ ದಿನ ಎರಡು ಕಡೆ ಹಾಜರಿ. ಡೇಟಾಬೇಸ್ ತಕರಾರು ಮಾಡಲಿಲ್ಲ. ಅದಕ್ಕೆ ಅವು ಬರೀ ಎರಡು ತಾರೀಖು, ಒಂದು ಅವಧಿ ಅಂತ ಗೊತ್ತಿಲ್ಲ.

ಪರಿಹಾರ ಇಷ್ಟು: ‘ಕೊನೆ’ಯಲ್ಲಿ ಕೊನೆಯ ದಿನದ ಬದಲು ಅದರ ಮರುದಿನ ಬರೀಬೇಕು. ಶುರು ಒಳಗೆ, ಕೊನೆ ಹೊರಗೆ. ಆಗ ಕಳೆದರೆ ಸರಿಯಾದ ದಿನ ಸಿಗತ್ತೆ. ಹಿಂದಿನ ಸಾಲಿನ ಕೊನೆಯೇ ಮುಂದಿನದರ ಶುರು. ಒಂದರ ಮೇಲೊಂದು ಬಿದ್ದಿದೆಯಾ ಅಂತ ನೋಡೋಕೆ ಎರಡೇ ಹೋಲಿಕೆ ಸಾಕು: ಮೊದಲನೆಯದರ ಶುರು ಎರಡನೆಯದರ ಕೊನೆಗಿಂತ ಮುಂಚೆಯಾ, ಎರಡನೆಯದರ ಶುರು ಮೊದಲನೆಯದರ ಕೊನೆಗಿಂತ ಮುಂಚೆಯಾ? ಎರಡಕ್ಕೂ ಹೌದು ಅಂದರೆ ಬಿದ್ದಿದೆ.

ಪೋಸ್ಟ್‌ಗ್ರೆಸ್‌ನಲ್ಲಿ 2012ರ 9.2 ಆವೃತ್ತಿಯಿಂದ ‘ಡೇಟ್‌ರೇಂಜ್’ ಇದೆ, ಇಡೀ ಅವಧಿ ಒಂದೇ ಕಾಲಮ್‌ನಲ್ಲಿ. ಒಬ್ಬರ ಎರಡು ಅವಧಿ ಒಂದರ ಮೇಲೊಂದು ಬಂದರೆ ಸಾಲನ್ನೇ ತಿರಸ್ಕರಿಸುವ ‘ಎಕ್ಸ್‌ಕ್ಲೂಡ್’ ನಿಯಮವನ್ನೂ ಹಾಕಬಹುದು. ಮೈಎಸ್‌ಕ್ಯೂಎಲ್‌ನಲ್ಲಿ ಈ ಸೌಕರ್ಯ ಇಲ್ಲ, ಅಲ್ಲಿ ಎರಡು ಕಾಲಮ್, ಕಾವಲು ನಿಮ್ಮದೇ. ನನ್ನ ಓಟು ಪೋಸ್ಟ್‌ಗ್ರೆಸ್‌ಗೆ.

ಆದರೆ ಹೊಸ ಚೀಟಿ ನೋಡಿ ಅಪ್ಪ ಸಿಟ್ಟಾದರು. ಗಣಿ ಮುಚ್ಚಿದ್ದು 2001ರ ಫೆಬ್ರವರಿ 28ಕ್ಕೆ, ಆ ತಾರೀಖು ಇಲ್ಲಿ ಯಾರಿಗೂ ಮರೆಯಲ್ಲ. ಚೀಟಿಯಲ್ಲಿ ಮಾರ್ಚ್ 1 ಅಂತಿತ್ತು. ನಾನು ‘28ನ್ನೂ ಸೇರಿಸಿ’ ಅಂತಲೇ ಬರೆದಿದ್ದೆ. ತಾರೀಖುಗಳಾದರೆ ಪೋಸ್ಟ್‌ಗ್ರೆಸ್ ತಾನೇ ಅದನ್ನು ‘ಮಾರ್ಚ್ 1 ಬಿಟ್ಟು’ ಅಂತ ಬದಲಿಸಿಕೊಳ್ಳತ್ತೆ. ಲೆಕ್ಕಕ್ಕೆ ಎರಡೂ ಒಂದೇ, ಓದೋ ಮನುಷ್ಯನಿಗೆ ಅಲ್ಲ. ಮುದ್ರಿಸುವಾಗ ಒಂದು ದಿನ ಕಳೆದು ತೋರಿಸಿ.

ಕೊನೆ ತಾರೀಖು ಸಿಗದಿದ್ದರೆ? ಖಾಲಿ ಬಿಟ್ಟರೆ ‘ಕೊನೆಯೇ ಇಲ್ಲ’ ಅಂತ ಅರ್ಥ. ಒಬ್ಬರದ್ದನ್ನು ನಾನು ಹಾಗೇ ಬಿಟ್ಟಿದ್ದೆ, ಪಟ್ಟಿ ಪ್ರಕಾರ ಅವರು ಇವತ್ತೂ ಶಿಫ್ಟ್‌ಗೆ ಹೋಗ್ತಿದ್ದರು. ಈಗ ಅಂಥವರಿಗೆ ಗಣಿ ಮುಚ್ಚಿದ ದಿನವನ್ನೇ ಗಡಿಯಾಗಿಟ್ಟು, ‘ಖಚಿತವಿಲ್ಲ’ ಅಂತ ಇನ್ನೊಂದು ಕಾಲಮ್ ಸೇರಿಸಿದ್ದೀನಿ.