ಅಕ್ಷರವಿಲ್ಲದ ಲೆಕ್ಕದ ಪುಸ್ತಕ

ಮೊದಲ ಪುಟದಲ್ಲಿ ಒಂದು ಗಿಳಿ ಇದೆ. ಅದರ ಕೆಳಗೆ ಮಲ್ಲಿಗೆ ದಂಡೆ, ಆಮೇಲೆ ಬಸ್ಸು, ಕೊಡ, ಬಾಳೆಗೊನೆ. ಎಡಗಡೆ ಸಾಲಾಗಿ ಚಿತ್ರಗಳು, ಬಲಗಡೆ ಸ್ಕೇಲು ಹಿಡಿದು ಎಳೆದ ಮನೆಗಳಲ್ಲಿ ಚುಕ್ಕೆ, ಅಡ್ಡಗೀಟು, ಚೌಕ. ಇಡೀ ಪುಸ್ತಕದಲ್ಲಿ ಹುಡುಕಿದರೂ ಒಂದೇ ಒಂದು ಅಕ್ಷರ ಸಿಗುವುದಿಲ್ಲ. ಮೈಸೂರಿನ ಅಂಚಿನ ಬಡಾವಣೆಯೊಂದರಲ್ಲಿ, ಐವತ್ತು ದಾಟಿದ ಹೆಂಗಸೊಬ್ಬರು ಇದನ್ನು ಟ್ರಂಕಿನ ತಳದಿಂದ ತೆಗೆದು ನನ್ನ ಮುಂದಿಟ್ಟರು. ನೋಡಿ ಬಂದಾಗಿನಿಂದ ಸಿಕ್ಕವರಿಗೆಲ್ಲ ಇದರ ಸಂಗತಿಯನ್ನೇ ಹೇಳುತ್ತಿದ್ದೇನೆ.

‘ಗಿಳಿ ಅಂದ್ರೆ ಯಾರು ಅಕ್ಕ?’

‘ಅವ್ಳು ಈಗ ಈ ಊರಲ್ಲಿಲ್ಲ ಕಣವ್ವ. ಒಂದೇ ಸಮ್ನೆ ಮಾತಾಡೋಳು, ಅದಕ್ಕೇ ಗಿಳಿ. ಬಸ್ಸು ಅಂದ್ರೆ ದಿನಾ ಸಂಜೆ ನಂಜನಗೂಡು ಬಸ್ಸಲ್ಲಿ ಬಂದು ಕೊನೇ ಬಸ್ಸಿಗೆ ಹೋಗೋಳು.’

ಹೆಸರು ಬರೆಯದಿರಲು ಅಕ್ಷರ ಬಾರದ್ದೊಂದೇ ಕಾರಣವಲ್ಲ. ಪುಸ್ತಕ ಪೊಲೀಸರ ಕೈಗೆ ಬಿದ್ದರೆ? ಯಾರದೋ ಗಂಡನೋ ಬೆಳೆದ ಮಗನೋ ತೆರೆದು ನೋಡಿದರೆ? ಗಿಳಿ ಯಾರು, ಕೊಡ ಯಾರು ಎಂಬುದು ಬರೆದವರ ತಲೆಯಲ್ಲಿ ಮಾತ್ರ ಇತ್ತು. ರೋಗಿಯ ಗುಟ್ಟು ಕಾಯುವ ಬಗ್ಗೆ ಎಷ್ಟೋ ತರಬೇತಿ ಶಿಬಿರಗಳಲ್ಲಿ ಕೇಳಿದ್ದೇನೆ. ಇಷ್ಟು ಗಟ್ಟಿಯಾದ ಬೀಗವನ್ನು ಎಲ್ಲೂ ಕಂಡಿಲ್ಲ.

ಲೈಂಗಿಕ ವೃತ್ತಿಯಲ್ಲಿದ್ದ ಈ ಅಕ್ಕ ‘ಪಿಯರ್’ ಆಗಿ ದುಡಿದವರು, ಎಂದರೆ ತನ್ನಂಥದೇ ಬದುಕಿನ ಸುಮಾರು ಅರವತ್ತು ಮಂದಿಯ ಆರೋಗ್ಯವನ್ನು ನೋಡಿಕೊಳ್ಳುವ ಗೆಳತಿ. ಹಿನ್ನೆಲೆ ಓದುಗರಿಗೆ ಗೊತ್ತಿರುವಂಥದೇ. 1986ರಲ್ಲಿ ಚೆನ್ನೈನಲ್ಲಿ ಡಾ. ಸುನೀತಿ ಸಾಲೊಮನ್ ಮತ್ತು ಅವರ ವಿದ್ಯಾರ್ಥಿನಿ ನಿರ್ಮಲಾ ದೇಶದ ಮೊದಲ ಎಚ್‌ಐವಿ ಪ್ರಕರಣಗಳನ್ನು ಲೈಂಗಿಕ ಕಾರ್ಯಕರ್ತೆಯರ ರಕ್ತದಲ್ಲಿ ಪತ್ತೆ ಮಾಡಿದರು. ಅಂದಿನಿಂದ ಈ ಹೆಂಗಸರನ್ನು ರೋಗ ಹರಡುವವರೆಂದೇ ಜನ ನೋಡಿದರು. ಅವರಿಗೆ ರೋಗ ಕೊಟ್ಟವರು ಯಾರು ಎಂಬ ಪ್ರಶ್ನೆ ಬರಲಿಲ್ಲ. 2003ರಲ್ಲಿ ಗೇಟ್ಸ್ ಪ್ರತಿಷ್ಠಾನದ ಹಣದಲ್ಲಿ ಎಚ್‌ಐವಿ ತಡೆಯುವ ‘ಆವಾಹನ್’ ಯೋಜನೆ ಶುರುವಾಯಿತು, ಮೈಸೂರಿನ ಹೆಂಗಸರು 2005ರಲ್ಲಿ ‘ಆಶೋದಯ ಸಮಿತಿ’ ಕಟ್ಟಿಕೊಂಡರು. ಇಲ್ಲಿ ಮುಂಬೈ, ಕೋಲ್ಕತ್ತಗಳಲ್ಲಿರುವಂಥ ಕೆಂಪುದೀಪದ ಕೇರಿಗಳಿರಲಿಲ್ಲ. ಬಸ್ ನಿಲ್ದಾಣ, ಪಾರ್ಕು, ಲಾಡ್ಜುಗಳ ನಡುವೆ ಚದುರಿದ್ದ ಹೆಂಗಸರನ್ನು ಹುಡುಕಬೇಕಾದರೆ ಹುಡುಕುವವರೂ ಅವರಲ್ಲೇ ಒಬ್ಬರಾಗಿರಬೇಕಿತ್ತು. ಅಂಥವರಲ್ಲಿ ಅನೇಕರಿಗೆ ಅಕ್ಷರ ಬಾರದ್ದರಿಂದ ಬಂದದ್ದು ಚಿತ್ರಗಳ ನಮೂನೆಗಳು. ಯೋಜನೆಯೇ ಚಿತ್ರದ ಹಾಳೆಗಳನ್ನು ಕೊಡುತ್ತಿತ್ತು. ಈ ಅಕ್ಕ ಅದರ ಜೊತೆಗೆ ತಮ್ಮದೇ ಪುಸ್ತಕ ಇಟ್ಟರು.

ಈ ಪುಸ್ತಕದ ಮುಂದೆ ಇನ್ನಷ್ಟು ಹೊತ್ತು ಕೂರಲು ಓದುಗರ ಅಪ್ಪಣೆ ಬೇಡುತ್ತೇನೆ. ಒಂದು ಚುಕ್ಕೆ ಎಂದರೆ ವಾರದಲ್ಲಿ ಬಂದ ಒಬ್ಬ ಗಿರಾಕಿ. ಒಂದು ಚೌಕ ಎಂದರೆ ಕೊಟ್ಟ ಒಂದು ಕಾಂಡೋಮ್. ಮಲ್ಲಿಗೆ ದಂಡೆಯ ಸಾಲಿನಲ್ಲಿ ಹತ್ತು ಚುಕ್ಕೆ, ಆರು ಚೌಕ. ‘ಮಿಕ್ಕಿದ್ ನಾಕು ಸಲ ಏನಾಯ್ತು? ಅದೇ ನನ್ ಕೆಲ್ಸ. ಹೋಗಿ ಕೇಳೋದು’ ಎಂದರು. ಚಿಗುರೆಲೆ ಇದ್ದರೆ ಹೊಸದಾಗಿ ಬಂದ ಎಳೆಯ ಹುಡುಗಿ. ಸೀಸೆ ಇದ್ದರೆ ಕುಡಿತ. ಕೋಲು ಇದ್ದರೆ ಹೊಡೆತ ತಿಂದವಳು. ಒಂದೇ ಸಾಲಿನಲ್ಲಿ ಚಿಗುರು, ಸೀಸೆ, ಕೋಲು ಮೂರೂ ಕಂಡರೆ ಮಾರನೆಯ ದಿನ ಬೆಳಗ್ಗೆ ಮೊದಲು ಹೋಗಬೇಕಾದದ್ದು ಆ ಮನೆಗೇ. ಪುಟ ತಿರುಗಿಸುತ್ತ ಹೋದಂತೆ ಬಾಳೆಗೊನೆಯ ಸಾಲಿನಲ್ಲಿ ಚೌಕಗಳು ಹೆಚ್ಚುತ್ತವೆ, ಕೋಲು ಮಾಯವಾಗುತ್ತದೆ. ಕೊಡದ ಸಾಲು ಇದ್ದಕ್ಕಿದ್ದಂತೆ ಖಾಲಿ. ‘ಅವ್ಳು ತೀರ್ಕೊಂಡ್ಳು. ಮಾತ್ರೆ ಬರೋಕೆ ಮುಂಚೆ’ ಎಂದು ಸುಮ್ಮನಾದರು. ಎಚ್‌ಐವಿಯನ್ನು ಹತೋಟಿಯಲ್ಲಿಡುವ, ಸರ್ಕಾರದ ಉಚಿತ ಎಆರ್‌ಟಿ ಚಿಕಿತ್ಸೆ ದೇಶದಲ್ಲಿ ಶುರುವಾದದ್ದು 2004ರ ಏಪ್ರಿಲ್‌ನಲ್ಲಿ, ಕೆಲವೇ ಆಸ್ಪತ್ರೆಗಳಲ್ಲಿ. ಅದು ಎಲ್ಲ ಜಿಲ್ಲೆಗಳನ್ನು ಮುಟ್ಟಲು ಹಿಡಿದ ಕಾಲದಲ್ಲಿ ಎಷ್ಟು ಸಾಲುಗಳು ಹೀಗೆ ಖಾಲಿಯಾದವೋ.

ಮೈಸೂರಿನಲ್ಲಿ 2004 ಮತ್ತು 2006ರಲ್ಲಿ ನಡೆದ ಸಮೀಕ್ಷೆಗಳನ್ನು ಡಾ. ಸುಷೇನಾ ರೆಜಾ ಪಾಲ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದರು. ಲೈಂಗಿಕ ಕಾರ್ಯಕರ್ತೆಯರಲ್ಲಿ ಸಿಫಿಲಿಸ್ ಶೇ 25ರಿಂದ 12ಕ್ಕೆ, ಗೊನೋರಿಯಾ ಶೇ 5ರಿಂದ 2ಕ್ಕೆ ಇಳಿದಿತ್ತು. ಎಚ್‌ಐವಿ ಮಾತ್ರ ಶೇ 26 ಇದ್ದದ್ದು 24. ಇದನ್ನು ಸೋಲೆಂದು ಓದಬಾರದು. ಎಚ್‌ಐವಿ ಒಮ್ಮೆ ಬಂದರೆ ದೇಹದಲ್ಲೇ ಉಳಿಯುತ್ತದೆ, ಹಾಗಾಗಿ ಹಳೆಯ ಸೋಂಕಿತರು ಎಣಿಕೆಯಲ್ಲಿ ಇದ್ದೇ ಇರುತ್ತಾರೆ. ಔಷಧಿಯಿಂದ ವಾಸಿಯಾಗುವ ಸಿಫಿಲಿಸ್ ಇಳಿದದ್ದೇ ದಾರಿ ಸರಿಯಿದೆ ಎಂಬುದಕ್ಕೆ ಸಾಕ್ಷಿ. ಡಿಸೆಂಬರ್ 1ರ ಏಡ್ಸ್ ದಿನದ ಜಾಥಾಗಳಿಂದ ಇದು ಆಯಿತೆಂದು ನಾನು ನಂಬುವುದಿಲ್ಲ. ಗಿಳಿ, ಕೊಡ, ಬಾಳೆಗೊನೆಗಳ ಲೆಕ್ಕದಿಂದ ಆಯಿತೆಂದು ನಂಬುತ್ತೇನೆ.

ಅದೇ ಸಮೀಕ್ಷೆಯಲ್ಲಿ ಇನ್ನೊಂದು ಸಂಗತಿ ಇದೆ, ಇದು ನಮ್ಮ ನಿಮ್ಮ ಮನೆಗಳಿಗೂ ಸೇರಿದ್ದು. ಅಪರಿಚಿತ ಗಿರಾಕಿಯೊಂದಿಗೆ ಕಾಂಡೋಮ್ ಬಳಕೆ ಶೇ 65ರಿಂದ 90ಕ್ಕೆ ಏರಿತು. ಮತ್ತೆ ಮತ್ತೆ ಬರುವ ಪರಿಚಿತನೊಂದಿಗೆ ಶೇ 53ರಿಂದ 66ಕ್ಕೆ ಮಾತ್ರ. ನಂಬಿಕೆ ಬೆಳೆದಷ್ಟೂ ಕಾಂಡೋಮ್ ದೂರ ಸರಿಯಿತು. ‘ದುಡ್ ಕೊಟ್ಟೋನ್ಗೆ ಬ್ಯಾಡ ಅನ್ಬೋದು. ತಾಳಿ ಕಟ್ಟಿದೋನ್ಗೆ ಹೆಂಗವ್ವ ಅನ್ನದು?’ ಎಂದು ಅಕ್ಕ ಕೇಳಿದರು. ನನ್ನಲ್ಲಿ ಉತ್ತರವಿರಲಿಲ್ಲ. ಈ ದೇಶದಲ್ಲಿ ಸೋಂಕು ತಗುಲಿದ ಹೆಂಗಸರಲ್ಲಿ ಹೆಚ್ಚಿನವರು ಗಂಡನೊಬ್ಬನನ್ನು ಬಿಟ್ಟು ಬೇರೆ ಯಾರನ್ನೂ ಅರಿಯದವರು.

ಪುಸ್ತಕದ ಕೊನೆಯ ಪುಟಗಳಲ್ಲಿ ಬಣ್ಣಗಳಿವೆ: ಹಸಿರು, ಹಳದಿ, ಬಿಳಿ. ಸರ್ಕಾರಿ ಆಸ್ಪತ್ರೆಗಳಲ್ಲಿ ಲೈಂಗಿಕ ಸೋಂಕುಗಳಿಗೆ ಕೊಡುವ ಔಷಧಿ ಕಿಟ್‌ಗಳ ಬಣ್ಣವದು. ಯೋನಿಯ ಸೋಂಕಿನಿಂದ ಬಿಳುಪು ಹೋಗುತ್ತಿದ್ದರೆ ಹಸಿರು, ಕಿಬ್ಬೊಟ್ಟೆ ನೋವಿಗೆ ಹಳದಿ, ಹುಣ್ಣಿದ್ದರೆ ಬಿಳಿ. ಯಾರು ಯಾವ ಕಿಟ್ ತೆಗೆದುಕೊಂಡರು, ಮತ್ತೆ ತೋರಿಸಲು ಬಂದರೇ ಎಂಬುದೂ ದಾಖಲು. ವಾಸನೆ, ತುರಿಕೆ, ನೋವನ್ನು ವರ್ಷಗಟ್ಟಲೆ ನುಂಗಿಕೊಂಡ ಸುಶಿಕ್ಷಿತ ಗೃಹಿಣಿಯರನ್ನು ಬಲ್ಲೆ. ಈ ಪುಸ್ತಕದ ಹೆಂಗಸರಿಗೆ ಸಿಕ್ಕಂಥ ಒಬ್ಬ ಗೆಳತಿ ಅವರಿಗೆ ಸಿಗಲಿಲ್ಲ.

ಅಕ್ಕನ ಕಾಲದಲ್ಲಿ ಚೀಲದಲ್ಲಿ ಕಾಂಡೋಮ್ ಸಿಕ್ಕಿದರೆ ಅದೇ ಅಪರಾಧದ ಸಾಕ್ಷಿಯಾಗುತ್ತಿತ್ತು. 2022ರ ಮೇ 19ರ ಆದೇಶದಲ್ಲಿ ಸುಪ್ರೀಂ ಕೋರ್ಟು ಹಾಗೆ ಮಾಡುವಂತಿಲ್ಲ ಎಂಬ ಶಿಫಾರಸು ಪಾಲಿಸಲು ಸರ್ಕಾರಗಳಿಗೆ ಹೇಳಿತು. ತಡವಾಗಿಯಾದರೂ ಬಂತು. ಅದಕ್ಕೂ ಮುಂಚೆ, ಸೋಂಕು ಬಾರದಂತೆ ದಿನಕ್ಕೊಂದು ನುಂಗುವ ‘ಪ್ರೆಪ್’ ಮಾತ್ರೆಯ ಪ್ರಯೋಗವನ್ನು ಆಶೋದಯ ಮತ್ತು ಕೋಲ್ಕತ್ತದ ದುರ್ಬಾರ್ ಸಂಘಟನೆಗಳು ನಡೆಸಿದವು. ಎರಡೂ ಊರು ಸೇರಿ 1,300ಕ್ಕೂ ಹೆಚ್ಚು ಹೆಂಗಸರು ಪಾಲ್ಗೊಂಡರು. ಅವರಲ್ಲಿ ಒಬ್ಬರಿಗೂ ಹೊಸದಾಗಿ ಎಚ್‌ಐವಿ ತಗುಲಲಿಲ್ಲ. ಈ ಫಲಿತಾಂಶವನ್ನು ನಾವು ಪತ್ರಿಕೆಯವರು ಮುಖಪುಟದಲ್ಲಿ ಹಾಕಬೇಕಿತ್ತು.

ಅಕ್ಕನಿಗೆ ಸೋಂಕು ಇದೆಯೇ ಎಂದು ನಾನು ಕೇಳಲಿಲ್ಲ. 2018ರ ಸೆಪ್ಟೆಂಬರ್‌ನಿಂದ ಜಾರಿಯಲ್ಲಿರುವ ಎಚ್‌ಐವಿ ಕಾಯ್ದೆಯ ಪ್ರಕಾರ ಅದನ್ನು ಹೇಳೆಂದು ಬಲವಂತ ಮಾಡುವಂತಿಲ್ಲ, ಒಪ್ಪಿಗೆಯಿಲ್ಲದೆ ಪರೀಕ್ಷೆ ಮಾಡುವಂತಿಲ್ಲ, ಸೋಂಕಿನ ನೆಪದಲ್ಲಿ ಕೆಲಸವನ್ನೋ ಚಿಕಿತ್ಸೆಯನ್ನೋ ನಿರಾಕರಿಸುವಂತಿಲ್ಲ. ಸಮಯಕ್ಕೆ ಸರಿಯಾಗಿ ಮಾತ್ರೆ ತೆಗೆದುಕೊಂಡು ರಕ್ತದಲ್ಲಿ ವೈರಸ್ ಪತ್ತೆಯಾಗದ ಮಟ್ಟಕ್ಕೆ ಇಳಿದವರಿಂದ ಸಂಗಾತಿಗೆ ಲೈಂಗಿಕ ಸಂಪರ್ಕದಿಂದ ಸೋಂಕು ದಾಟುವುದಿಲ್ಲ ಎಂಬುದೂ ಈಗ ಖಚಿತ. ಎಷ್ಟೋ ಹಳ್ಳಿಗಳಿಗೆ ಈ ಸುದ್ದಿ ಇನ್ನೂ ತಲುಪಿಲ್ಲ.

ಪುಸ್ತಕವನ್ನು ಯಾವುದಾದರೂ ವಸ್ತುಸಂಗ್ರಹಾಲಯಕ್ಕೆ ಕೊಡಿ ಎಂದೆ. ಅವರು ಒಪ್ಪಲಿಲ್ಲ: ಅದರಲ್ಲಿರುವವರನ್ನು ಕೇಳದೆ ಹೇಗೆ ಕೊಡುವುದು? ಅವರು ಹೇಳಿದ್ದೇ ಸರಿ.

ಇದನ್ನು ಓದುತ್ತಿರುವ ಅಕ್ಕ ತಂಗಿಯರಲ್ಲಿ ಒಂದು ಕೋರಿಕೆ. ಜಿಲ್ಲಾ ಮತ್ತು ತಾಲ್ಲೂಕು ಆಸ್ಪತ್ರೆಗಳ ಐಸಿಟಿಸಿ ಕೇಂದ್ರಗಳಲ್ಲಿ ಎಚ್‌ಐವಿ ಪರೀಕ್ಷೆ ಉಚಿತ, ಗುಟ್ಟಾಗಿರುತ್ತದೆ. ಸೋಂಕಿರುವ ಹೆಂಗಸರಿಗೆ ಗರ್ಭಕೊರಳಿನ ಕ್ಯಾನ್ಸರ್ ಅಪಾಯ ಆರು ಪಟ್ಟು ಹೆಚ್ಚು. ಅವರು 25ನೇ ವಯಸ್ಸಿನಿಂದಲೇ ಅದರ ತಪಾಸಣೆಯನ್ನೂ ಕೇಳಿ ಮಾಡಿಸಿಕೊಳ್ಳಬೇಕು. ಹೋಗಲು ಅಂಜಿಕೆಯಾದರೆ ಮೊದಲು 1097ಕ್ಕೆ ಕರೆ ಮಾಡಿ. ಆ ಕರೆಗೆ ದುಡ್ಡಿಲ್ಲ.