ಜಂಗಲ್ ದಾಟಿದ ಕಡಲು

1955ರಲ್ಲಿ ಇಂಗ್ಲೆಂಡಿನ ಫಾಲ್ಮತ್ ಬಂದರಿನಿಂದ ಒಂದು ಜೋಡಿದೋಣಿ ಹಾಯಿ ಬಿಚ್ಚಿ ಹೊರಟಿತು. ಉದ್ದ 24 ಅಡಿಗೂ ಕಡಿಮೆ. ಚಪ್ಪಟೆ ತಳದ ಎರಡು ಕಿರಿದಾದ ದೋಣಿಗಳು, ಅವನ್ನು ಕೂಡಿಸುವ ಅಡ್ಡತೊಲೆಗಳು, ನಡುವೆ ಹಲಗೆಯ ಅಟ್ಟ. ಎಂಜಿನ್ ಇಲ್ಲ. ಹತ್ತಿದವರು ಮೂವರು: ಮ್ಯಾಂಚೆಸ್ಟರಿನ ಜೇಮ್ಸ್ ವಾರಮ್ ಎಂಬ ತರುಣ, ಜರ್ಮನಿಯ ರೂತ್ ಮೆರ್ಸೆಬರ್ಗರ್ ಮತ್ತು ಯುಟಾ ಶುಲ್ಟ್ಸೆ-ರೋನ್‌ಹೋಫ್. ದೋಣಿಗೆ ಪಾಲಿನೇಷ್ಯದ ಕಡಲದೇವರ ಹೆಸರು, ‘ಟಂಗರೋವಾ’. ಇಂಥ ದೋಣಿ ಕೊಲ್ಲಿಯೊಳಗೆ ಆಟಕ್ಕೆ ಸರಿ, ಮಹಾಸಾಗರದ ಅಲೆಗೆ ಎರಡು ಹೋಳಾಗುತ್ತದೆ ಎಂದೇ ಆಗಿನ ಹಾಯಿದೋಣಿಯ ಪಂಡಿತರು ನಂಬಿದ್ದರು. ‘ಟಂಗರೋವಾ’ ಕ್ಯಾನರಿ ದ್ವೀಪಗಳನ್ನು ಹಾದು, ಅಟ್ಲಾಂಟಿಕ್ ದಾಟಿ, ಟ್ರಿನಿಡಾಡ್ ಮುಟ್ಟಿತು. ಇಂದು ದಂಪತಿಗಳು, ಮಕ್ಕಳೊಂದಿಗರು ವರ್ಷಗಟ್ಟಲೆ ಮನೆ ಮಾಡಿಕೊಂಡು ಕಡಲು ಸುತ್ತುವ ಸಣ್ಣ ಕೆಟಮರಾನ್‌ಗಳಿಗೆ, ಅಂದರೆ ಜೋಡಿದೋಣಿಗಳಿಗೆ, ಧೈರ್ಯ ತಂದುಕೊಟ್ಟ ಪಯಣಗಳಲ್ಲಿ ಇದು ಮೊದಲ ಸಾಲಿನದು.

ದಕ್ಷಿಣ ಕನ್ನಡದ ಕುಮಾರಧಾರಾ ಹೊಳೆಯ ಕರೆಯಲ್ಲಿ ಬೆಳೆದವರಿಗೆ ಈ ದೋಣಿಯ ಚಿತ್ರ ಕಂಡೊಡನೆ ನೆನಪಾಗುವುದು ಜಂಗಲ್. ಒಂದೇ ಅಳತೆಯ ಎರಡು ದೊಡ್ಡ ಓಡಗಳನ್ನು ಅಕ್ಕಪಕ್ಕ ನಿಲ್ಲಿಸಿ, ಮೇಲೆ ಅಡ್ಡಕ್ಕೆ ತೊಲೆಗಳನ್ನಿಟ್ಟು ಹಗ್ಗದಿಂದ ಬಿಗಿದು, ಹಲಗೆ ಹಾಸಿದರೆ ಜಂಗಲ್ ಆಯಿತು. ಒಂದು ಓಡಕ್ಕೆ ಎತ್ತಿನಗಾಡಿ ಹತ್ತಿಸಿದರೆ ಮಗುಚುತ್ತದೆ. ಎರಡನ್ನು ಜೋಡಿಸಿದರೆ ಬಸ್ಸನ್ನೇ ಹೊರುತ್ತದೆ. 1914ರಲ್ಲಿ ಶುರುವಾದ ಕೆನರಾ ಪಬ್ಲಿಕ್ ಕನ್ವೇಯನ್ಸ್ ಕಂಪನಿಯ ಕಾಲದಿಂದ ದಶಕಗಳ ತನಕ ಜಿಲ್ಲೆಯ ಮೋಟಾರು ಸಂಚಾರ ನಿಂತಿದ್ದು ಇದರ ಮೇಲೆಯೇ. ರಸ್ತೆ ಹೊಳೆಯ ಹತ್ತಿರ ಬಂದು ಮುಗಿಯುತ್ತಿತ್ತು. ಜನರು ಇಳಿಯುತ್ತಿದ್ದರು, ಬಸ್ಸು ಹಲಗೆಯ ಮೇಲೆ ಮೆಲ್ಲನೆ ಹತ್ತುತ್ತಿತ್ತು, ಜಲ್ಲ ಎಂಬ ಉದ್ದ ಗಳ ಹಿಡಿದವರು ಅದನ್ನು ತಳಕ್ಕೆ ಊರಿ ತಳ್ಳುತ್ತಿದ್ದರು. ಬಸ್ಸು ಎಲ್ಲಿ ನಿಲ್ಲಬೇಕು, ಯಾವ ಓಡ ಎಷ್ಟು ತಗ್ಗಿದರೆ ಅಪಾಯ, ಕೆಂಪುನೀರು ಎಲ್ಲಿಗೆ ಏರಿದರೆ ಕಡವು ನಿಲ್ಲಿಸಬೇಕು ಎಂಬ ಲೆಕ್ಕವೆಲ್ಲ ಅವರ ಕಣ್ಣಿನಲ್ಲಿತ್ತು.

ಈ ವಿದ್ಯೆ ಬಹಳ ಹಳೆಯದು. ಕ್ರಿಸ್ತಶಕದ ಮೊದಲ ಶತಮಾನದ ‘ಪೆರಿಪ್ಲಸ್’ ಎಂಬ ಗ್ರೀಕ್ ನಾವಿಕಗ್ರಂಥ ದಕ್ಷಿಣ ಭಾರತದ ತೀರದಲ್ಲಿ ದೊಡ್ಡ ಮರದ ದೋಣಿಗಳನ್ನು ಜೊತೆಗೂಡಿಸಿ ಕಟ್ಟಿದ ‘ಸಂಗರ’ಗಳನ್ನು ಹೇಳುತ್ತದೆ. 1912ರಲ್ಲಿ ಅದನ್ನು ಇಂಗ್ಲಿಷಿಗೆ ತಂದ ವಿಲ್ಫ್ರೆಡ್ ಸ್ಕಾಫ್ ಟಿಪ್ಪಣಿಯಲ್ಲಿ ತುಳುವರ ಜಂಗಾಲವನ್ನೂ ಹೆಸರಿಸಿದ್ದಾರೆ. ಅಲ್ಲಿಂದ ಮುಂದೆ ನಮ್ಮ ಕಡೆಯ ದಾಖಲೆ ತೆಳ್ಳಗಾಗುತ್ತದೆ.

ದಾಖಲೆ ಮಾಡಿದವರು ಯಾರೂ ಇರಲಿಲ್ಲ ಎಂದಲ್ಲ. ಜೇಮ್ಸ್ ಹಾರ್ನೆಲ್ ಮದ್ರಾಸ್ ಪ್ರಾಂತದ ಮೀನುಗಾರಿಕೆ ಇಲಾಖೆಯ ನಿರ್ದೇಶಕರಾಗಿದ್ದರು. ದಕ್ಷಿಣ ಕನ್ನಡ ಆಗ ಆ ಪ್ರಾಂತದ ಜಿಲ್ಲೆ. ಅವರು ಕಚೇರಿಯ ಕಡತಕ್ಕಿಂತ ದೋಣಿಗಳನ್ನು ಹೆಚ್ಚು ಪ್ರೀತಿಸಿದ ಮನುಷ್ಯ. ಹಲಗೆ ಹೇಗೆ ಹೊಲಿದಿದ್ದಾರೆ, ತೊಲೆ ಹೇಗೆ ಕಟ್ಟಿದ್ದಾರೆ ಎಂಬುದನ್ನು ಅಳೆದು ಬರೆದು, 1920ರಲ್ಲಿ ಬಂಗಾಳದ ಏಷ್ಯಾಟಿಕ್ ಸೊಸೈಟಿಯ ಮೂಲಕ ಭಾರತದ ದೋಣಿವಿನ್ಯಾಸಗಳ ಮೂಲದ ಬಗ್ಗೆ ದೊಡ್ಡ ಪ್ರಬಂಧ ಪ್ರಕಟಿಸಿದರು. ನಿವೃತ್ತಿಯ ನಂತರ ಪೆಸಿಫಿಕ್ ದ್ವೀಪಗಳಿಗೆ ಹೋದರು. ಎ. ಸಿ. ಹ್ಯಾಡನ್ ಜೊತೆಗೂಡಿ ಅವರು ಸಿದ್ಧಪಡಿಸಿದ ‘ಕನೂಸ್ ಆಫ್ ಓಷಿಯಾನಿಯಾ’ 1936ರಿಂದ 1938ರ ನಡುವೆ ಹೊನೊಲುಲುವಿನ ಬಿಷಪ್ ಮ್ಯೂಸಿಯಂನಿಂದ ಮೂರು ಸಂಪುಟಗಳಲ್ಲಿ ಹೊರಬಂತು. ಜೋಡಿದೋಣಿಯ ಆಸಕ್ತರು ಇಂದಿಗೂ ತೆರೆಯುವ ಪುಸ್ತಕ ಅದು. ನಮ್ಮ ಕರಾವಳಿಯ ದೋಣಿಗಳನ್ನು ನೋಡಿ ಪಳಗಿದ ಕಣ್ಣು ಪೆಸಿಫಿಕ್‌ನ ಜೋಡಿದೋಣಿಯನ್ನು ಲೋಕಕ್ಕಾಗಿ ಉಳಿಸಿತು. ಅಲ್ಲಿನ ಮಕ್ಕಳು ಆ ರೇಖಾಚಿತ್ರ ನೋಡಿ ಮತ್ತೆ ದೋಣಿ ಕಟ್ಟಬಹುದು. ನನಗೆ ತಿಳಿದಂತೆ ನಮ್ಮ ಜಂಗಲ್‌ಗೆ ಅಂಥ ಒಂದು ಹಾಳೆಯೂ ದಕ್ಕಲಿಲ್ಲ ಎಂಬುದು ನನ್ನ ಸಂಕಟ.

ಯುರೋಪು, ಅಮೆರಿಕಗಳಲ್ಲಿ ಜೋಡಿದೋಣಿಯ ಕಥೆ ಬಹುಕಾಲ ಅಲ್ಲೊಂದು ಇಲ್ಲೊಂದು ಹೆಜ್ಜೆಯಾಗಿಯೇ ನಡೆಯಿತು. 1660ರ ದಶಕದಲ್ಲಿ ಡಬ್ಲಿನ್‌ನಲ್ಲಿ ವಿಲಿಯಂ ಪೆಟ್ಟಿ ಜೋಡಿತಳದ ನಾವೆ ಕಟ್ಟಿದರು. 1876ರಲ್ಲಿ ನಥಾನಿಯೆಲ್ ಹೆರೆಶಾಫ್ ಅವರ ‘ಅಮರಿಲಿಸ್’ ನ್ಯೂಯಾರ್ಕಿನ ಪಂದ್ಯದಲ್ಲಿ ಎಲ್ಲರನ್ನೂ ಹಿಂದಿಕ್ಕಿದಾಗ ಅದನ್ನು ಪಂದ್ಯದಿಂದಲೇ ಅನರ್ಹಗೊಳಿಸಿದರು. 1937–38ರಲ್ಲಿ ಎರಿಕ್ ಡಿ ಬಿಷಪ್ ‘ಕೈಮಿಲೋವಾ’ ಎಂಬ ಜೋಡಿದೋಣಿಯನ್ನು ಹೊನೊಲುಲುವಿನಿಂದ ಗುಡ್‌ಹೋಪ್ ಭೂಶಿರ ಬಳಸಿ ಫ್ರಾನ್ಸಿನ ಕಾನ್‌ವರೆಗೆ ತಂದರು. ವಾರಮ್ ಮನಸ್ಸಿಗೆ ಕಿಚ್ಚು ಹಚ್ಚಿದ್ದು ಆ ಪಯಣದ ಪುಸ್ತಕ. ಇಂಗ್ಲೆಂಡಿನ ಕ್ಯಾನ್ವಿ ದ್ವೀಪದಲ್ಲಿ ಪ್ರೌಟ್ ಸಹೋದರರು ಎರಡು ಕಯಾಕ್‌ಗಳನ್ನು ಬಿದಿರಿನ ಅಟ್ಟದಿಂದ ಜೋಡಿಸಿ ಪ್ರಯೋಗ ಆರಂಭಿಸಿದರು. ಹೊಳೆಬದಿಯ ನಮ್ಮ ಯಾವ ಅಂಬಿಗನಿಗೂ ಅದು ಹೊಸದಾಗಿ ಕಾಣುತ್ತಿರಲಿಲ್ಲ. ಅದೇ ಸಹೋದರರ ಕಾರ್ಖಾನೆಯಲ್ಲಿ ಕಟ್ಟಿದ ‘ರೇಹು ಮೋವಾನಾ’ದಲ್ಲಿ ಡೇವಿಡ್ ಲೂಯಿಸ್ ಹೆಂಡತಿ ಮತ್ತು ಇಬ್ಬರು ಪುಟ್ಟ ಹೆಣ್ಣುಮಕ್ಕಳೊಂದಿಗೆ 1964–67ರಲ್ಲಿ ಭೂಮಿಯನ್ನು ಸುತ್ತಿದರು. ಕೆಟಮರಾನ್ ಒಂದರ ಮೊದಲ ವಿಶ್ವಪ್ರದಕ್ಷಿಣೆ ಅದು.

ವಾರಮ್ ಬಗ್ಗೆ ಇನ್ನೆರಡು ಮಾತು ಹೇಳಲೇಬೇಕು. ಟ್ರಿನಿಡಾಡ್‌ನಲ್ಲಿ ಅವರು 40 ಅಡಿಯ ‘ರೊಂಗೊ’ ಕಟ್ಟಿದರು. ಫ್ರಾನ್ಸಿನ ಖ್ಯಾತ ನಾವಿಕ ಬರ್ನಾರ್ ಮೋಯಿಟೆಸ್ಸಿಯೆ ಆಗ ಅಲ್ಲೇ ಇದ್ದು ಕೈಜೋಡಿಸಿದರು. 1959ರಲ್ಲಿ ‘ರೊಂಗೊ’ ನ್ಯೂಯಾರ್ಕಿನಿಂದ ಐರ್ಲೆಂಡಿಗೆ ಉತ್ತರ ಅಟ್ಲಾಂಟಿಕ್ ದಾಟಿತು. ಆ ದಿಕ್ಕಿನಲ್ಲಿ ಅದನ್ನು ದಾಟಿದ ಮೊದಲ ಕೆಟಮರಾನ್ ಅದೇ. ಆಮೇಲೆ ಅವರು ಸಾಮಾನ್ಯ ಜನ ಮನೆಯಂಗಳದಲ್ಲೇ ಪ್ಲೈವುಡ್‌ನಿಂದ ಕಟ್ಟಿಕೊಳ್ಳುವಂಥ ನಕ್ಷೆಗಳನ್ನು ಮಾರಿದರು. ಆ ದೋಣಿಗಳ ಗುಟ್ಟು ಹಗ್ಗ. ತೊಲೆಗಳನ್ನು ಬೋಲ್ಟು ಹಾಕಿ ಜಡಗೊಳಿಸದೆ ಹಗ್ಗದಿಂದ ಬಿಗಿದರೆ, ಅಲೆ ಬಂದಾಗ ಎರಡೂ ದೋಣಿಗಳು ಒಂದಿಷ್ಟು ಅಲುಗಿ ಒತ್ತಡವನ್ನು ಹಂಚಿಕೊಳ್ಳುತ್ತವೆ. ಬಂಡವಾಳಸ್ಥರ ವಿಹಾರನೌಕಾ ಲೋಕ ಇದನ್ನು ಬಹಳ ವರ್ಷ ಒಪ್ಪಲಿಲ್ಲ. ಒಪ್ಪಿಸಿದ್ದು ದೋಣಿಗಳೇ. ಅವರ 21 ಅಡಿಯ ‘ಟಿಕಿ’ ನಕ್ಷೆಯಿಂದ ರೋರಿ ಮೆಕ್‌ಡೂಗಲ್ ಕಟ್ಟಿಕೊಂಡ ದೋಣಿ 1991ರಿಂದ 1997ರ ನಡುವೆ ಲೋಕ ಸುತ್ತಿ ಬಂತು. ವಾರಮ್ 2021ರಲ್ಲಿ ತೀರಿಕೊಂಡರು.

ದೂರಪಯಣಕ್ಕೆ ಸಣ್ಣ ಕೆಟಮರಾನ್ ಆರಿಸುವವರು ಕಲಿಯಬೇಕಾದ್ದು ಈ ಚರಿತ್ರೆಯಲ್ಲೇ ಇದೆ. ಮೊದಲು ಭಾರ. ಕಿರಿದಾದ ದೋಣಿ ಹಗುರಾಗಿದ್ದರೆ ಮಾತ್ರ ನೀರನ್ನು ಸೀಳಿ ಓಡುತ್ತದೆ. ಇಬ್ಬರಿಗೆ ದಿನಕ್ಕೆ ತಲಾ 3 ಲೀಟರಿನಂತೆ 30 ದಿನಕ್ಕೆ ಕುಡಿಯುವ ನೀರೇ 180 ಕಿಲೋ. ಅಕ್ಕಿ, ಲಂಗರು, ಬ್ಯಾಟರಿ, ಹಗ್ಗ ಆಮೇಲಿನದು. ದೋಣಿ ತಗ್ಗಿದಷ್ಟೂ ನಡುವಿನ ಅಟ್ಟ ನೀರಿಗೆ ಹತ್ತಿರವಾಗಿ, ಪ್ರತಿ ಅಲೆಯೂ ಅಡಿಯಿಂದ ಬಡಿಯುತ್ತದೆ. ಆದ್ದರಿಂದ ಎಷ್ಟು ಜನ ಮಲಗಬಹುದು ಎಂದು ಕೇಳುವ ಮೊದಲು ಎಷ್ಟು ಕಿಲೋ ಹೊರಬಹುದು ಎಂದು ಕೇಳಬೇಕು. 30 ಅಡಿಗಿಂತ ಚಿಕ್ಕದರಲ್ಲಿ ಎದ್ದು ನಿಲ್ಲುವಷ್ಟು ಎತ್ತರದ ಕೋಣೆ ಕಟ್ಟಿದರೆ ಗಾಳಿಗೆ ಗೋಡೆ ಕೊಟ್ಟಂತಾಗುತ್ತದೆ. ತೆರೆದ ಹಲಗೆಯ ಅಟ್ಟದ ಸಂದಿಯಲ್ಲಿ ನೀರು ಇಳಿದುಹೋಗುತ್ತದೆ.

ಎರಡನೆಯದು ಸ್ಥಿರತೆ. ಒಂಟಿ ಒಡಲಿನ ಹಾಯಿದೋಣಿ ತಳದ ಸೀಸದ ಭಾರದಿಂದ ನಿಲ್ಲುತ್ತದೆ, ವಾಲಿ ಮಲಗಿದರೂ ಏಳುತ್ತದೆ. ಜೋಡಿದೋಣಿ ಅಗಲದಿಂದ ನಿಲ್ಲುತ್ತದೆ. ಸೀಸವಿಲ್ಲದ್ದರಿಂದ ಮರದ್ದಾದರೆ ತೂತಾದರೂ ಸುಲಭಕ್ಕೆ ಮುಳುಗದು, ಆದರೆ ಮಗುಚಿದರೆ ತಾನಾಗಿ ಏಳದು. ಅದು ವಾಲಿ ಎಚ್ಚರಿಸುವುದೂ ಇಲ್ಲ. ಆದ್ದರಿಂದ ಗಾಳಿಯ ವೇಗವನ್ನೇ ನೋಡಿ, ಮುಂಚಿತವಾಗಿ ಹಾಯಿ ಕುಗ್ಗಿಸುವ ಶಿಸ್ತು ಇರುವವರಿಗಷ್ಟೇ ಈ ದೋಣಿ. ಹಳೆಯ ದೋಣಿ ಕೊಳ್ಳುವವರು ಬಣ್ಣಕ್ಕಿಂತ ಮೊದಲು ತೊಲೆ ಮತ್ತು ಒಡಲು ಸೇರುವ ಸಂದುಗಳನ್ನು ನೋಡಬೇಕು. ಕೊಳೆ ಶುರುವಾಗುವುದೂ ಮುರಿತ ಕಾಣುವುದೂ ಅಲ್ಲೇ.

ನಮ್ಮ ಕಡಲಿಗೆ ಇದು ಒಗ್ಗುವ ದೋಣಿ ಎಂದು ನನಗೆ ದೃಢವಾಗಿ ಅನ್ನಿಸುತ್ತದೆ. ಮರಳುದಿಣ್ಣೆ ಮುಚ್ಚುವ ನಮ್ಮ ಅಳಿವೆಗಳಲ್ಲಿ ಒಂದೆರಡು ಅಡಿ ನೀರಿನಲ್ಲಿ ತೇಲುವ ದೋಣಿಗೆ ದಾರಿ ಹೆಚ್ಚು, ನೀರು ಇಳಿದಾಗ ಮರಳ ಮೇಲೆ ನೆಟ್ಟಗೆ ಕೂರುತ್ತದೆ. ದೂರಪಯಣವೂ ಈ ಜಿಲ್ಲೆಗೆ ಹೊಸದಲ್ಲ. 1956ರವರೆಗೆ ಅಮಿನಿದಿವಿ ದ್ವೀಪಗಳು ದಕ್ಷಿಣ ಕನ್ನಡಕ್ಕೇ ಸೇರಿದ್ದವು. ತೆಂಗಿನ ನಾರಿನಿಂದ ಹೊಲಿದ ಅಲ್ಲಿನ ಓಡಗಳು ಹುರಿಹಗ್ಗ, ಕೊಬ್ಬರಿ ಹೊತ್ತು ಮಂಗಳೂರಿಗೆ ಬಂದು ಅಕ್ಕಿ ಒಯ್ಯುತ್ತಿದ್ದವು. ಹಡಗುಗಳ ಕೂವೆಮರಕ್ಕೆ 19ನೇ ಶತಮಾನದಲ್ಲಿ ಬೇಡಿಕೆಯಿದ್ದ ನೆಟ್ಟನೆಯ ಸುರಹೊನ್ನೆ ಬೆಳೆದದ್ದು ಕೊಡಗು, ದಕ್ಷಿಣ ಕನ್ನಡಗಳ ಘಟ್ಟದ ಕಾಡಿನಲ್ಲಿ. ಮರ, ನಾರು, ಜೋಡಿಸುವ ಬುದ್ಧಿ ಮೂರೂ ನಮ್ಮಲ್ಲಿದ್ದವು.

ಸೇತುವೆಗಳು ಬಂದು ಜಂಗಲ್ ಮರೆಯಾಯಿತು. ಹಾಗೆಂದು ಸೇತುವೆ ಬೇಡ ಎನ್ನುವವನು ನಾನಲ್ಲ. ಹೊಸಮಠದ ಮುಳುಗು ಸೇತುವೆಯ ಮೇಲೆ ನೀರು ಹರಿದು ಕಡಬದ ದಾರಿ ಕಟ್ಟಾಗುತ್ತಿದ್ದ ಮಳೆಗಾಲ ಯಾರಿಗೂ ಬೇಡ. ಶಾಂತಿಮೊಗರಿನಲ್ಲಿ ಕುಮಾರಧಾರೆಗೆ ಸೇತುವೆ ಬಂದದ್ದು ಎರಡೂ ಕರೆಯವರಿಗೆ ದೊಡ್ಡ ಉಪಕಾರ. ಆದರೆ ಸೇತುವೆಯ ನಕ್ಷೆ ಇಲಾಖೆಯ ಕಪಾಟಿನಲ್ಲಿ ಭದ್ರವಾಗಿರುವಾಗ, ಅದಕ್ಕೂ ಮೊದಲು ಶತಮಾನಗಳ ಕಾಲ ಊರನ್ನು ದಾಟಿಸಿದ ದೋಣಿಯ ನಕ್ಷೆಯನ್ನು ಯಾರೂ ಬರೆದಿಡದೇ ಹೋದದ್ದು ಅನ್ಯಾಯ. ಪುತ್ತೂರಿನಲ್ಲೂ ಸುಳ್ಯದಲ್ಲೂ ಎಂಜಿನಿಯರಿಂಗ್ ಕಾಲೇಜುಗಳಿವೆ. ಜಲ್ಲ ಹಿಡಿದ, ತೊಲೆ ಬಿಗಿದ ಅಜ್ಜಂದಿರನ್ನು ಹುಡುಕಿದರೆ ಇನ್ನೂ ಸಿಕ್ಕಾರು. ವಿದ್ಯಾರ್ಥಿಗಳು ಅವರನ್ನು ಕೂರಿಸಿಕೊಂಡು ಓಡದ ಉದ್ದ, ನಡುವಿನ ಅಂತರ, ಗಂಟಿನ ಕ್ರಮ ಕೇಳಿ ಬರೆದುಕೊಳ್ಳಲಿ. ಆಮೇಲೆ ಉಪ್ಪಿನಂಗಡಿಯ ಸಂಗಮದಲ್ಲಿ ಒಂದು ಜಂಗಲ್ ಕಟ್ಟಿ ನೀರಿಗಿಳಿಸಲಿ. ಈ ಕೆಲಸಕ್ಕೆ ಹಣಕ್ಕಿಂತ ಅವಸರ ಬೇಕು, ಏಕೆಂದರೆ ಕೇಳಿಸಿಕೊಳ್ಳಬೇಕಾದ ಅಜ್ಜಂದಿರಿಗೆ ಈಗಾಗಲೇ ವಯಸ್ಸಾಗಿದೆ.