ನಾದ ಮೊದಲು, ಗಿಟಾರ್ ಆಮೇಲೆ

1963ನೆಯ ಇಸವಿಯ ಆಗಸ್ಟ್ ತಿಂಗಳು. ಲಂಡನ್ ನಗರದ ಅಂಚಿನಲ್ಲಿದ್ದ ಸಾಧಾರಣ ಸಂಸಾರವೊಂದರ ಮನೆಯಲ್ಲಿ ತಂದೆಯೂ 16 ವರ್ಷದ ಮಗನೂ ಮರಗೆಲಸಕ್ಕೆ ಕೈಹಚ್ಚಿದರು. ಮಗನಿಗೆ ವಿದ್ಯುತ್ ಗಿಟಾರ್ ಬೇಕಾಗಿತ್ತು. ಅಂಗಡಿಯ ಗಾಜಿನ ಹಿಂದೆ ಥಳಥಳಿಸುತ್ತಿದ್ದ ಅಮೆರಿಕದ ಗಿಟಾರುಗಳನ್ನು ಕೊಳ್ಳುವ ಶಕ್ತಿ ಆ ಮನೆಗಿರಲಿಲ್ಲ. ತಂದೆ ಹೆರಾಲ್ಡ್ ಮೇ ವಿದ್ಯುನ್ಮಾನದ ಕೆಲಸದಲ್ಲಿ ನುರಿತವರು. ಕೊಳ್ಳಲಾಗದುದನ್ನು ಮಾಡಿಕೊಳ್ಳುವುದೆಂದು ತಂದೆ ಮಗ ನಿಶ್ಚಯಿಸಿದರು.

ಪರಿಚಿತರ ಮನೆಯಿಂದ ಬಂದ, ನೂರು ವರ್ಷಕ್ಕೂ ಹಳೆಯದಾದ ಅಗ್ಗಿಷ್ಟಿಕೆಯ ಚೌಕಟ್ಟಿನ ಮಹಾಗನಿ ಮರ ಗಿಟಾರಿನ ದಂಡಿಯಾಯಿತು. ಹುಳು ಕೊರೆದಿದ್ದ ತೂತುಗಳಿಗೆ ಬೆಂಕಿಕಡ್ಡಿ ತುಂಬಿ ಮುಚ್ಚಿದರು. ಹಳೆಯ ಮೇಜೊಂದರ ಓಕ್ ಮರ ಒಡಲಿಗೆ ಸೇರಿತು. ಸ್ವರವನ್ನು ತೂಗಾಡಿಸುವ ಸನ್ನೆಗೋಲಿಗೆ ಹಳೆಯ ಮೋಟಾರ್ ಸೈಕಲ್ಲಿನ ಎರಡು ಸ್ಪ್ರಿಂಗುಗಳು. ಅದರ ತುದಿಗೆ ತಾಯಿಯ ಹೆಣಿಗೆಕಡ್ಡಿಯ ತುಂಡು. ದಂಡಿಯ ಮೇಲೆ ಸ್ವರಸ್ಥಾನ ತೋರುವ ಬೊಟ್ಟುಗಳಿಗೆ ತಾಯಿಯ ಹೊಲಿಗೆ ಪೆಟ್ಟಿಗೆಯ ಮುತ್ತಿನ ಚಿಪ್ಪಿನ ಗುಂಡಿಗಳು! ಎಲ್ಲವೂ ಮುಗಿಯಲು ಸುಮಾರು 2 ವರ್ಷ ಹಿಡಿಯಿತು. ಆ ಹುಡುಗನೇ ಬ್ರಯನ್ ಮೇ; ಮುಂದೆ ಜಗತ್ಪ್ರಸಿದ್ಧವಾದ ‘ಕ್ವೀನ್’ ತಂಡದ ಗಿಟಾರ್ ವಾದಕ. ಮಹಾರಾಷ್ಟ್ರದ ಪಂಚಗನಿಯಲ್ಲಿ ಓದಿದ ಪಾರ್ಸಿ ಮನೆತನದ ಫ್ರೆಡ್ಡಿ ಮರ್ಕ್ಯುರಿ ಅದೇ ತಂಡದ ಗಾಯಕರು.

ಆ ತಂದೆ ಮಗನ ಬಳಿ ಹಣವಿರಲಿಲ್ಲ. ಆದರೆ ತಮಗೆ ಬೇಕಾದ ನಾದ ಯಾವುದೆಂಬ ಅರಿವಿದ್ದಿತು. ಸ್ವರ ಬಹುಹೊತ್ತು ನಿಲ್ಲಬೇಕು, ಧ್ವನಿವರ್ಧಕದ ಎದುರು ನಿಂತರೆ ತಂತಿ ತಾನಾಗಿಯೇ ಮೊಳಗಬೇಕು. ಅದಕ್ಕೆಂದೇ ಒಡಲಿನೊಳಗೆ ಅಲ್ಲಲ್ಲಿ ಪೊಳ್ಳು ಬಿಟ್ಟರು.

ಇಂದು ಮಗನಿಗೋ ಮಗಳಿಗೋ ವಿದ್ಯುತ್ ಗಿಟಾರ್ ಕೊಡಿಸಹೊರಟ ಅನೇಕ ಸಂಸಾರಗಳ ಸ್ಥಿತಿ ಇದಕ್ಕೆ ತಿರುಗುಮುರುಗು. ಅಂಗಡಿಯ ತುಂಬ ಗಿಟಾರುಗಳಿವೆ. ಕಷ್ಟಪಟ್ಟಾದರೂ ಹಣ ಹೊಂದಿಸಬಹುದು. ಆದರೆ ಬೇಕಾದ ನಾದ ಯಾವುದು? ಆ ಪ್ರಶ್ನೆಯನ್ನು ಕೇಳುವವರೇ ವಿರಳ. ಬಣ್ಣ ನೋಡಿ, ಆಕಾರ ನೋಡಿ, ಮೆಚ್ಚಿನ ವಾದಕನ ಕೈಯಲ್ಲಿದ್ದ ಚಿತ್ರ ನೋಡಿ ಕೊಂಡದ್ದಾಗುತ್ತದೆ. ಮನೆಯಲ್ಲಿ ನುಡಿಸಿದರೆ ಕಿವಿಯಲ್ಲಿದ್ದ ನಾದ ಕೈಗೆ ಬರುವುದಿಲ್ಲ. ಕೆಲವು ತಿಂಗಳಲ್ಲಿ ವಾದ್ಯ ಗೋಡೆಯ ಮೊಳೆಗೆ ಸೇರುತ್ತದೆ. ತಪ್ಪು ಆಯ್ಕೆಯದು, ಅಪವಾದ ಮಾತ್ರ ‘ಇವನಿಗೆ ಸಂಗೀತ ಒಲಿಯಲಿಲ್ಲ’ ಎಂದು ಮಗುವಿನ ಮೇಲೆ!

ಕೊಡವಿಲ್ಲದ ವಾದ್ಯ

ವೀಣೆಯ ನಾದ ತುಂಬಿಕೊಳ್ಳುವುದು ಅದರ ಕೊಡದಲ್ಲಿ. ಸಾಮಾನ್ಯ ಗಿಟಾರಿಗೂ ಪೊಳ್ಳಾದ ಒಡಲೇ ಆಧಾರ. ವಿದ್ಯುತ್ ಗಿಟಾರಿನ ಗುಟ್ಟು ಬೇರೆ. ಅದರ ಉಕ್ಕಿನ ತಂತಿಗಳ ಕೆಳಗೆ ‘ಪಿಕಪ್’ ಎಂಬ ಪುಟ್ಟ ಸಾಧನವಿರುತ್ತದೆ: ಅಯಸ್ಕಾಂತ, ಅದರ ಸುತ್ತ ಕೂದಲೆಳೆಯಂಥ ತಾಮ್ರದ ತಂತಿಯ ಸಾವಿರಾರು ಸುತ್ತುಗಳು. ಮೀಟಿದ ತಂತಿ ಅಯಸ್ಕಾಂತ ಕ್ಷೇತ್ರದಲ್ಲಿ ಕಂಪಿಸಿದಾಗ ಸುರುಳಿಯಲ್ಲಿ ಅದೇ ಲಯದ ವಿದ್ಯುತ್ ಹುಟ್ಟುತ್ತದೆ. 1831ರಲ್ಲಿ ಮೈಕೇಲ್ ಫ್ಯಾರಡೆ ಕಂಡುಹಿಡಿದ ತತ್ತ್ವವೇ ಇದು. ಈ ಕ್ಷೀಣ ವಿದ್ಯುತ್ತನ್ನು ಆಂಪ್ಲಿಫೈಯರ್ ಹಿಗ್ಗಿಸಿ ಧ್ವನಿಯಾಗಿಸುತ್ತದೆ.

ಈ ವಾದ್ಯ ಹುಟ್ಟಿದುದೂ ಒಂದು ಅಗತ್ಯದಿಂದಲೇ. ಅಮೆರಿಕದ ನೃತ್ಯವಾದ್ಯಗೋಷ್ಠಿಗಳಲ್ಲಿ ಕಹಳೆ ನಗಾರಿಗಳ ಅಬ್ಬರದ ನಡುವೆ ಬಡಪಾಯಿ ಗಿಟಾರ್ ಕೇಳಿಸುತ್ತಲೇ ಇರಲಿಲ್ಲ. 1931ರಲ್ಲಿ ಲಾಸ್ ಏಂಜಲೀಸಿನಲ್ಲಿ ಜಾರ್ಜ್ ಬೋಶಾಂ ಪಿಕಪ್ ಅಳವಡಿಸಿದ ಗಿಟಾರೊಂದನ್ನು ರೂಪಿಸಿದರು. ಅಡಾಲ್ಫ್ ರಿಕೆನ್‌ಬ್ಯಾಕರ್ ಅವರ ಕಾರ್ಖಾನೆ ಅದನ್ನು ತಯಾರಿಸಿತು. ತೊಡೆಯ ಮೇಲಿಟ್ಟು ನುಡಿಸುವ ಆ ಹವಾಯಿ ಗಿಟಾರಿನ ದುಂಡು ಮುಖ, ಉದ್ದ ಹಿಡಿ ಕಂಡು ಜನ ಅದಕ್ಕೆ ‘ಬಾಣಲೆ’ ಎಂದೇ ಅಡ್ಡಹೆಸರಿಟ್ಟರು.

ಪೊಳ್ಳು ಒಡಲಿನ ಗಿಟಾರಿಗೇ ಪಿಕಪ್ ಜೋಡಿಸಿದಾಗ ಹೊಸ ತೊಡಕೊಂದು ಕಾಣಿಸಿತು. ಧ್ವನಿ ಏರಿಸಿದಂತೆ ಆಂಪ್ಲಿಫೈಯರಿನ ಸದ್ದಿಗೆ ಒಡಲು ಕಂಪಿಸಿ, ಆ ಕಂಪನ ಮತ್ತೆ ಪಿಕಪ್ ಹೊಕ್ಕು, ಕಿವಿ ಕೊರೆಯುವ ಕೂಗು ಏಳುತ್ತಿತ್ತು. ಒಡಲನ್ನೇ ಗಟ್ಟಿ ಮರದಿಂದ ಮಾಡಿದರೆ? ಈ ಯೋಚನೆಯೇ ಎರಡು ದೊಡ್ಡ ಗಿಟಾರ್ ಕುಲಗಳಿಗೆ ಮೂಲವಾಯಿತು.

ಎರಡು ಕುಲ, ಎರಡು ಕಂಠ

ಕ್ಯಾಲಿಫೋರ್ನಿಯದ ಫುಲರ್‌ಟನ್ ಊರಿನಲ್ಲಿ ಲಿಯೋ ಫೆಂಡರ್ ಎಂಬ ರೇಡಿಯೋ ರಿಪೇರಿಗಾರರಿದ್ದರು. ಅವರಿಗೆ ಗಿಟಾರ್ ನುಡಿಸಲು ಬರುತ್ತಿರಲಿಲ್ಲ, ಕೇಳಲು ಬರುತ್ತಿತ್ತು. 1950ರಲ್ಲಿ ಅವರು ಮಾರಾಟಕ್ಕೆ ತಂದ ಗಟ್ಟಿ ಒಡಲಿನ ಗಿಟಾರ್ ಮುಂದೆ ‘ಟೆಲಿಕಾಸ್ಟರ್’ ಎನಿಸಿತು. 1954ರಲ್ಲಿ ಮೂರು ಪಿಕಪ್‌ಗಳ ‘ಸ್ಟ್ರ್ಯಾಟೋಕಾಸ್ಟರ್’ ಬಂದಿತು. ಇವುಗಳ ಪಿಕಪ್‌ನಲ್ಲಿ ಇದ್ದುದು ಒಂದೇ ಸುರುಳಿ. ಇದರ ನಾದ ನಿರ್ಮಲ, ಹೊಳಪಿನದು. ಬೆಳ್ಳಿಯ ಗೆಜ್ಜೆಯಂತೆ ಒಂದೊಂದು ತಂತಿಯೂ ಬಿಡಿಬಿಡಿಯಾಗಿ ಕೇಳಿಸುತ್ತದೆ. ಕುಂದೂ ಒಂದುಂಟು: ಸುತ್ತಲ ವಿದ್ಯುತ್ ತಂತಿ, ದೀಪಗಳ ಗುಂಯ್‌ಗಾರವನ್ನೂ ಈ ಸುರುಳಿ ಎಳೆದುಕೊಳ್ಳುತ್ತದೆ.

ಗಿಬ್ಸನ್ ಕಂಪೆನಿ 1952ರಲ್ಲಿ ಪ್ರಸಿದ್ಧ ವಾದಕ ಲೆಸ್ ಪಾಲ್ ಅವರ ಹೆಸರಿನಲ್ಲಿ ತನ್ನ ಗಟ್ಟಿ ಗಿಟಾರನ್ನು ಹೊರತಂದಿತು. ಅಲ್ಲಿನ ಎಂಜಿನಿಯರ್ ಸೆತ್ ಲವರ್ ಆ ಗುಂಯ್‌ಗಾರಕ್ಕೆ ಮದ್ದು ಕಂಡುಹಿಡಿದರು. ಎರಡು ಸುರುಳಿಗಳನ್ನು ಪಕ್ಕಪಕ್ಕದಲ್ಲಿಟ್ಟು, ಒಂದರ ಸುತ್ತು ಮತ್ತು ಅಯಸ್ಕಾಂತದ ದಿಕ್ಕು ಇನ್ನೊಂದಕ್ಕೆ ವಿರುದ್ಧವಾಗಿರುವಂತೆ ಜೋಡಿಸಿದರು. ಹೊರಗಿನ ಗುಂಯ್‌ಗಾರ ಎರಡರಲ್ಲೂ ಎದುರುಬದುರಾಗಿ ಬಂದು ಅಳಿಸಿಹೋಗುತ್ತದೆ. ತಂತಿಯ ನಾದ ಮಾತ್ರ ಕೂಡಿಕೊಳ್ಳುತ್ತದೆ. ಇದೇ ‘ಹಂಬಕರ್’. 1957ರ ಹೊತ್ತಿಗೆ ಇದು ಗಿಬ್ಸನ್ ಗಿಟಾರುಗಳಲ್ಲಿ ನೆಲೆಸಿತು. ಇದರ ನಾದ ದಪ್ಪ, ಬೆಚ್ಚಗೆ, ತುಂಬಿದ ಕಂಠದ್ದು.

ತಂತಿಯ ಉದ್ದದಲ್ಲಿಯೂ ಭೇದವುಂಟು. ಫೆಂಡರ್ ಗಿಟಾರಿನಲ್ಲಿ ತಂತಿಯ ನುಡಿಯುವ ಭಾಗ ಸಾಮಾನ್ಯವಾಗಿ 25½ ಅಂಗುಲ. ಗಿಬ್ಸನ್ನಿನಲ್ಲಿ ಸುಮಾರು 24¾ ಅಂಗುಲ. ಮುಕ್ಕಾಲು ಅಂಗುಲ ತಾನೆ ಎಂದು ಕಡೆಗಣಿಸುವಂತಿಲ್ಲ. ಅದೇ ಶ್ರುತಿಗೆ ಅದೇ ದಪ್ಪದ ತಂತಿ ಗಿಬ್ಸನ್ನಿನಲ್ಲಿ ಸಡಿಲವಾಗಿರುತ್ತದೆ. ಎಳೆದು ನುಡಿಸಲು ಎಳೆಯ ಬೆರಳಿಗೆ ಹಿತ. ಫೆಂಡರಿನಲ್ಲಿ ಬಿಗಿ ಹೆಚ್ಚು, ಮೀಟಿನಲ್ಲಿ ಚುರುಕು ಹೆಚ್ಚು.

ಪಿಕಪ್ ಇರುವ ಜಾಗವೂ ಮುಖ್ಯ. ವೀಣೆಯನ್ನು ಕುದುರೆಯ ಬಳಿ ಮೀಟಿದರೆ ನಾದ ಹರಿತ, ದೂರ ಸರಿದು ಮೀಟಿದರೆ ಮೃದು ಎಂಬುದನ್ನು ನುಡಿಸುವವರೆಲ್ಲರೂ ಬಲ್ಲರು. ಗಿಟಾರಿನಲ್ಲಿಯೂ ಕುದುರೆಯ ಬಳಿಯ ಪಿಕಪ್ ಹರಿತ, ದಂಡಿಯ ಬಳಿಯದು ಮೃದು. ಸ್ವಿಚ್ಚಿನ ಒಂದು ತಿರುವಿನಿಂದ ಒಂದೇ ವಾದ್ಯದಲ್ಲಿ ಎರಡೂ ದೊರೆಯುತ್ತವೆ. ಇನ್ನು ಒಡಲಿನ ಮರ ಯಾವುದಿರಬೇಕೆಂಬ ವಾದ ಗಿಟಾರ್ ಪ್ರಿಯರಲ್ಲಿ ಮುಗಿಯುವಂಥದಲ್ಲ. ಪಿಕಪ್ ಮತ್ತು ಆಂಪ್ಲಿಫೈಯರ್ ಮಾಡುವಷ್ಟು ಭೇದವನ್ನು ಮರ ಮಾಡಲಾರದು. ಮರದ ಹೆಸರು ಹೇಳಿ ಬೆಲೆ ಏರಿಸಿದಾಗ ಹೊಸಬರು ಮರುಳಾಗಬೇಕಿಲ್ಲ.

ಒಬ್ಬ ವಾದಕ, ಎರಡು ಗಿಟಾರ್

2005ರಲ್ಲಿ ಬೆಂಗಳೂರಿಗೆ ಬಂದು ನುಡಿಸಿದ ಬ್ರಿಟನ್ನಿನ ಮಾರ್ಕ್ ನಾಫ್ಲರ್ ಅವರ ಎರಡು ಹಾಡುಗಳನ್ನು ಒಂದರ ಹಿಂದೊಂದು ಕೇಳಿದರೆ ಈ ಭೇದವೆಲ್ಲ ಪಾಠವಿಲ್ಲದೆ ತಿಳಿಯುತ್ತದೆ. 1978ರ ‘ಸುಲ್ತಾನ್ಸ್ ಆಫ್ ಸ್ವಿಂಗ್’ ಹಾಡಿನಲ್ಲಿ ಅವರ ಕೈಯಲ್ಲಿದ್ದುದು ಸ್ಟ್ರ್ಯಾಟೋಕಾಸ್ಟರ್. ಮೀಟುಗಡ್ಡಿಯಿಲ್ಲದೆ ಬರಿಯ ಬೆರಳಿನಿಂದ ನುಡಿಸಿದ ಆ ಸ್ವರಗಳು ನೀರ ಹನಿಗಳಂತೆ ಸಿಡಿಯುತ್ತವೆ. 1985ರ ‘ಮನಿ ಫಾರ್ ನಥಿಂಗ್’ ಹಾಡಿಗೆ ಅವರು ಹಿಡಿದುದು ಗಿಬ್ಸನ್ ಲೆಸ್ ಪಾಲ್. ಅಲ್ಲಿ ನಾದ ಗುಡುಗುತ್ತದೆ, ಗೊರಗುಟ್ಟುತ್ತದೆ. ಬೆರಳು ಅವೇ; ಹೇಳಬೇಕಾದ ಮಾತು ಬೇರೆಯಾದುದರಿಂದ ಕಂಠವೂ ಬೇರೆಯಾಯಿತು.

ಜ್ಯಾಸ್ ಸಂಗೀತದ ದುಂಡಾದ ಮೃದು ನಾದಕ್ಕೆ ಮನಸೋತವರಿಗೆ ಪೊಳ್ಳು ಒಡಲಿನ ಗಿಟಾರೇ ಇಂದಿಗೂ ಪ್ರಿಯ. ಇಂಡಿಯಾನಪೊಲಿಸಿನ ವೆಸ್ ಮಾಂಟ್‌ಗಮರಿ ರಾತ್ರಿಯ ಹೊತ್ತು ನೆರೆಹೊರೆಯವರಿಗೆ ತೊಂದರೆಯಾಗದಿರಲೆಂದು ಮೀಟುಗಡ್ಡಿ ಬಿಟ್ಟು ಹೆಬ್ಬೆರಳಿನಿಂದ ಸಾಧನೆ ಮಾಡಿದರಂತೆ. ಆ ಹೆಬ್ಬೆರಳ ನಾದವೇ ಅವರ ಕೀರ್ತಿಯಾಯಿತು! ಇವೆರಡರ ನಡುವಣ ದಾರಿ 1958ರಲ್ಲಿ ಗಿಬ್ಸನ್ ತಂದ ‘ಇಎಸ್-335’: ನಡುವೆ ಗಟ್ಟಿ ದಿಮ್ಮಿ, ಎರಡೂ ಬದಿ ಪೊಳ್ಳು. ಬಿ. ಬಿ. ಕಿಂಗ್ ‘ಲೂಸಿಲ್’ ಎಂದು ಹೆಸರಿಟ್ಟು ಮುದ್ದಿಸಿದ ಗಿಟಾರುಗಳು ಪ್ರಸಿದ್ಧವಾದುದು ಇದೇ ಮನೆತನದ ರೂಪದಲ್ಲಿ.

ಕರ್ನಾಟಕ ಸಂಗೀತದಲ್ಲಿಯೂ ಇದಕ್ಕೆ ಉಜ್ವಲ ನಿದರ್ಶನವುಂಟು. ಮ್ಯಾಂಡೊಲಿನ್ ಎಂಬುದು ಗಿಟಾರಿನ ದಾಯಾದಿ. ನಾಲ್ಕು ಜೋಡಿಯಾಗಿ 8 ತಂತಿಗಳಿರುವ ವಾದ್ಯ. ಜೋಡಿ ತಂತಿಯಲ್ಲಿ ಗಮಕ ಎಳೆಯುವುದು ಕಷ್ಟ, ನಾದ ನಿಲ್ಲುವುದೂ ಅಲ್ಪ. ಯು. ಶ್ರೀನಿವಾಸ್ (1969–2014) ವಿದ್ಯುತ್ ಮ್ಯಾಂಡೊಲಿನ್ ಹಿಡಿದು, 5 ಒಂಟಿ ತಂತಿಗಳನ್ನು ಹೂಡಿ, ಅದೇ ವಾದ್ಯದಲ್ಲಿ ರಾಗಗಳನ್ನು ಗಮಕಸಹಿತ ಹಾಡಿಸಿದರು. ಅವರು ವಾದ್ಯಕ್ಕೆ ತಕ್ಕಂತೆ ಸಂಗೀತವನ್ನು ಬಗ್ಗಿಸಲಿಲ್ಲ. ಸಂಗೀತಕ್ಕೆ ತಕ್ಕಂತೆ ವಾದ್ಯವನ್ನು ಬಗ್ಗಿಸಿದರು.

ಉಳಿದರ್ಧ ವಾದ್ಯ

ವಿದ್ಯುತ್ ಗಿಟಾರ್ ಕೊಂಡವರು ಕೊಂಡಿರುವುದು ಅರ್ಧ ವಾದ್ಯವನ್ನು ಮಾತ್ರ, ಉಳಿದರ್ಧ ಆಂಪ್ಲಿಫೈಯರ್. 1962ರಲ್ಲಿ ಲಂಡನ್ನಿನ ವಾದ್ಯದಂಗಡಿಯ ಒಡೆಯ ಜಿಮ್ ಮಾರ್ಷಲ್ ಅವರ ತಂಡ ತಯಾರಿಸತೊಡಗಿದ ವಾಲ್ವ್ ಆಂಪ್ಲಿಫೈಯರುಗಳು ಹೊಸ ನಾದವೊಂದಕ್ಕೆ ಕಾರಣವಾದುವು. ವಾಲ್ವನ್ನು ಅದರ ಶಕ್ತಿ ಮೀರಿ ದುಡಿಸಿದಾಗ ಧ್ವನಿಯ ಅಲೆಗಳ ನೆತ್ತಿ ಚಪ್ಪಟೆಯಾಗಿ, ಮೂಲದಲ್ಲಿ ಇಲ್ಲದ ಉಪಸ್ವರಗಳು ಹುಟ್ಟುತ್ತವೆ. ದೋಷವೆನಿಸಬೇಕಾದುದು ಕಿವಿಗೆ ರುಚಿಸಿತು. 1966ರಲ್ಲಿ ಎರಿಕ್ ಕ್ಲ್ಯಾಪ್‌ಟನ್ ಲೆಸ್ ಪಾಲ್ ಗಿಟಾರನ್ನು ಮಾರ್ಷಲ್ ಆಂಪ್ಲಿಫೈಯರಿಗೆ ಜೋಡಿಸಿ ಧ್ವನಿಮುದ್ರಿಸಿದ ನಾದ ಮುಂದಿನ ಪೀಳಿಗೆಗೇ ಮಾದರಿಯಾಯಿತು. ಆದುದರಿಂದ ಹಣವನ್ನೆಲ್ಲ ಗಿಟಾರಿಗೇ ಸುರಿದು, ಕೊನೆಗೆ ಸಿಕ್ಕ ಅಗ್ಗದ ಡಬ್ಬಿಯನ್ನು ತರುವುದು ಜಾಣತನವಲ್ಲ. ಅಪಾರ್ಟ್‌ಮೆಂಟಿನ ಮನೆಗೆ ದೊಡ್ಡ ಆಂಪ್ಲಿಫೈಯರ್ ಬೇಡವೂ ಬೇಡ; ಹೆಡ್‌ಫೋನ್ ಜೋಡಿಸಬಹುದಾದ ಚಿಕ್ಕದು ಸಾಕು. ನೆರೆಯವರ ನಿದ್ದೆಯೂ ಉಳಿಯುತ್ತದೆ, ಸಾಧನೆಯೂ ಸಾಗುತ್ತದೆ.

ಅಂಗಡಿಗೆ ಹೋಗುವ ಮುನ್ನ

ಮೊದಲ ಕೆಲಸ ಮನೆಯಲ್ಲಿಯೇ. ಮಗುವಿಗೆ ಬಹಳ ಪ್ರಿಯವಾದ ಐದಾರು ಹಾಡುಗಳನ್ನು ಜೊತೆಯಲ್ಲಿ ಕುಳಿತು ಕೇಳಬೇಕು. ನಾದ ತಿಳಿಯಾಗಿ ಹೊಳೆಯುತ್ತಿದೆಯೆ? ಒಂಟಿ ಸುರುಳಿಯ ಗಿಟಾರ್ ತಕ್ಕುದು. ದಪ್ಪನಾಗಿ ಗರ್ಜಿಸುತ್ತಿದೆಯೆ? ಹಂಬಕರ್ ಬೇಕು. ಬೆಣ್ಣೆಯಂತೆ ಮೃದುವೆ? ಪೊಳ್ಳು ಅಥವಾ ಅರೆಪೊಳ್ಳು ಒಡಲನ್ನು ನೋಡಬಹುದು. ರುಚಿ ಇನ್ನೂ ನಿಂತಿಲ್ಲವೆ? ಕುದುರೆಯ ಬಳಿ ಹಂಬಕರ್, ಉಳಿದೆಡೆ ಒಂಟಿ ಸುರುಳಿಗಳಿರುವ ಮಿಶ್ರ ಜಾತಿಯ ಗಿಟಾರುಗಳೂ ಉಂಟು. ಕಲಿಯುವವರಿಗೆ ಅದು ಕ್ಷೇಮ.

ಅಂಗಡಿಗೆ ನುಡಿಸುವವರನ್ನೇ ಕರೆದೊಯ್ಯಬೇಕು; ಅಚ್ಚರಿಯ ಉಡುಗೊರೆಗೆ ಇದು ತಕ್ಕ ವಸ್ತುವಲ್ಲ. ಗಿಟಾರನ್ನು ಮೊದಲು ವಿದ್ಯುತ್ತಿಲ್ಲದೆ ನುಡಿಸಿ ನೋಡಬೇಕು. ಒಂದೊಂದು ಮೆಟ್ಟಿಲಲ್ಲೂ ಸ್ವರ ಶುದ್ಧವಾಗಿರಬೇಕು, ಎಲ್ಲಿಯೂ ತಂತಿ ಕಿರಿಗುಟ್ಟಬಾರದು. ಮೆಟ್ಟಿಲುಗಳ ಅಂಚು ಬೆರಳಿಗೆ ಚುಚ್ಚಬಾರದು. 12ನೆಯ ಮೆಟ್ಟಿಲಿನ ನೇರದಲ್ಲಿ ತಂತಿಯನ್ನು ಒತ್ತದೆ ಸವರಿ ಮೀಟಿದಾಗ ಬರುವ ಸ್ವರವೂ, ಅಲ್ಲಿಯೇ ಒತ್ತಿ ಮೀಟಿದಾಗ ಬರುವ ಸ್ವರವೂ ಒಂದೇ ಆಗಿರಬೇಕು. ಕುದುರೆಯನ್ನು ಸರಿಸಿದರೆ ಈ ದೋಷ ಸಾಮಾನ್ಯವಾಗಿ ಸರಿಹೋಗುತ್ತದೆ. ಅಂಗಡಿಯವರಿಂದ ಅಲ್ಲಿಯೇ ಮಾಡಿಸಿಕೊಳ್ಳುವುದು ಲೇಸು. ದಂಡಿ ಸೊಟ್ಟಗಾಗಿರಬಾರದು. ಕರಾವಳಿಯ ಮಳೆಗಾಲದ ತೇವಕ್ಕೆ ಮರ ಸ್ವಲ್ಪ ಬಾಗುವುದು ಸಹಜ. ದಂಡಿಯೊಳಗಿನ ಉಕ್ಕಿನ ಸಲಾಕೆಯನ್ನು ಬಲ್ಲವರು ತಿರುಗಿಸಿ ಅದನ್ನು ತಿದ್ದುತ್ತಾರೆ.

ಹೆಗಲಿಗೆ ಹಾಕಿ ಹತ್ತು ನಿಮಿಷವಾದರೂ ನಿಲ್ಲಿಸಬೇಕು. ಲೆಸ್ ಪಾಲ್ ಮಾದರಿ 4 ಕಿಲೋಗ್ರಾಮಿಗೂ ಮೀರಿ ತೂಗುವುದುಂಟು; ಎಳೆಯ ಹೆಗಲಿಗೆ ಅದು ಹೊರೆ. ಇಷ್ಟಾದ ಮೇಲೆ, ಮನೆಗೆ ಕೊಳ್ಳಲಿರುವಂಥ ಆಂಪ್ಲಿಫೈಯರಿಗೇ ಜೋಡಿಸಿ, ಸ್ವಿಚ್ಚಿನ ಎಲ್ಲ ಸ್ಥಾನಗಳಲ್ಲಿಯೂ ಕೇಳಬೇಕು. ಅಂಗಡಿಯ ದುಬಾರಿ ಆಂಪ್ಲಿಫೈಯರಿನಲ್ಲಿ ಯಾವ ಗಿಟಾರೂ ಗಂಧರ್ವಗಾನವೇ! ಕೊನೆಯದಾಗಿ, ನುಡಿಸುವವರು ಒಮ್ಮೆ ಕಣ್ಣು ಮುಚ್ಚಿ ಎರಡು ಮೂರು ಗಿಟಾರುಗಳನ್ನು ಕೇಳಲಿ. ಬಣ್ಣ ಮರೆಯಾದಾಗ ಕಿವಿ ನಿಜ ನುಡಿಯುತ್ತದೆ.

ಬ್ರಯನ್ ಮೇ ಮುಂದೆ ಬೇಕೆಂದ ಗಿಟಾರನ್ನು ಕೊಳ್ಳಬಲ್ಲಷ್ಟು ಸಿರಿವಂತರಾದರು. 2007ರಲ್ಲಿ ಖಭೌತವಿಜ್ಞಾನದಲ್ಲಿ ಡಾಕ್ಟರೇಟ್ ಪದವಿಯನ್ನೂ ಪಡೆದರು. ಆದರೂ ಮನೆಯಲ್ಲಿ ಮಾಡಿದ ಆ ಕೆಂಪು ಗಿಟಾರನ್ನು ಕೈಬಿಡಲಿಲ್ಲ. 2002ರಲ್ಲಿ ಎಲಿಜಬೆತ್ ರಾಣಿಯ ಆಳ್ವಿಕೆಯ ಸುವರ್ಣ ಮಹೋತ್ಸವದ ಸಂಗೀತ ಸಮಾರಂಭ ನಡೆದಾಗ ಬಕಿಂಗ್‌ಹ್ಯಾಮ್ ಅರಮನೆಯ ಮಾಳಿಗೆಯ ಮೇಲೆ ನಿಂತು ಅವರು ನುಡಿಸಿದುದು ಅದನ್ನೇ. ಅಗ್ಗಿಷ್ಟಿಕೆಯ ಮರ, ಅಪ್ಪನ ಕೈಗೆಲಸ, ಅಮ್ಮನ ಗುಂಡಿಗಳು ಅಂದು ಇಡೀ ಲಂಡನ್ನಿಗೆ ಕೇಳುವಂತೆ ಹಾಡಿದುವು. ನಾದ ಯಾವುದೆಂದು ಮೊದಲೇ ತಿಳಿದಿದ್ದವನ ಗಿಟಾರ್ ಗೋಡೆಯ ಮೊಳೆಗೆ ಸೇರಲಿಲ್ಲ.